ಹಳೆಯ ಕಾರು, ಜಂಗು ತಿಂದ ತಗಡು: ಓದುಗರ ಪ್ರಶ್ನೆಗಳಿಗೆ ಉತ್ತರ

ಖಂಡೇ ಪೂಜೆಗೆಂದು ಹಳೆಯ ವಾಹನವನ್ನು ಹೊರಗೆ ತಂದು ತೊಳೆದು ಮಾಲೆ ಹಾಕುವಾಗಲೇ ಆ ವರ್ಷದ ಮಳೆಗಾಲ ಮಾಡಿದ ಹಾನಿ ಮನೆಯವರ ಕಣ್ಣಿಗೆ ಮೊದಲು ಬೀಳುತ್ತದೆ. ದಸರೆಯ ನಂತರದ ವಾರಗಳಲ್ಲಿ ಈ ಅಂಕಣಕ್ಕೆ ಬಂದ ಪತ್ರಗಳಲ್ಲಿ ಬಹುಪಾಲು ಜಂಗಿನ ಬಗ್ಗೆಯೇ ಇರುವುದಕ್ಕೆ ಅದೇ ಕಾರಣವಿರಬೇಕು. ಬೆಳಗಾವಿ, ಬಾಗಲಕೋಟೆ ಮತ್ತು ವಿಜಯಪುರ ಜಿಲ್ಲೆಗಳಿಂದ ಬಂದ ಐದು ಪತ್ರಗಳನ್ನು ಇಲ್ಲಿ ಆರಿಸಿಕೊಂಡಿದ್ದೇನೆ. ಮೊದಲನೆಯದಕ್ಕೆ ಕೊಟ್ಟ ಉತ್ತರ ದೀರ್ಘವಾಗಿದೆ. ಉಳಿದ ಪ್ರಶ್ನೆಗಳ ಬೇರೂ ಅದರಲ್ಲಿಯೇ ಇರುವುದರಿಂದ ಎಲ್ಲರೂ ಅದನ್ನು ಓದಬೇಕೆಂದು ವಿನಂತಿ.

ಪ್ರಶ್ನೆ (ಟಿಳಕವಾಡಿ, ಬೆಳಗಾವಿ): ನಮ್ಮ ತಂದೆಯವರು ಕೊಂಡ 1968ರ ಫಿಯಾಟ್ 1100 ಡಿ ಕಾರು ನಮ್ಮಲ್ಲಿದೆ. ಮುಂದಿನ ಮಡ್‌ಗಾರ್ಡ್‌ಗಳ ಕೆಳತುದಿಯಲ್ಲಿ, ಬಾಗಿಲುಗಳ ಕೆಳಅಂಚಿನಲ್ಲಿ ಮತ್ತು ಬಾಗಿಲುಗಳ ಕೆಳಗಿನ ಪಟ್ಟಿಯಲ್ಲಿ ಬಣ್ಣ ಗುಳ್ಳೆ ಎದ್ದಿದೆ. ಮೂರು ವರ್ಷಗಳ ಹಿಂದೆ ಒಂದು ಗ್ಯಾರೇಜಿನಲ್ಲಿ ಉಜ್ಜಿಸಿ, ಪುಟ್ಟಿ ತುಂಬಿಸಿ, ಬಣ್ಣ ಹೊಡೆಸಿದ್ದೆವು. ಎರಡೇ ಮಳೆಗಾಲದಲ್ಲಿ ಅದೇ ಜಾಗಗಳು ಮತ್ತೆ ಉಬ್ಬಿದವು. ಒಬ್ಬರು ಫೈಬರ್ ಹಾಕಿಸಿ ಎನ್ನುತ್ತಾರೆ, ಇನ್ನೊಬ್ಬರು ಇಡೀ ಮಡ್‌ಗಾರ್ಡ್ ಬದಲಿಸಿ ಎನ್ನುತ್ತಾರೆ. ಯಾವುದು ಸರಿ?

ಉತ್ತರ: ಮಾನ್ಯರೇ, ಆ ಗ್ಯಾರೇಜಿನಲ್ಲಿ ಏನು ನಡೆದಿರಬಹುದು ಎಂಬುದನ್ನು ನಿಮ್ಮ ಪತ್ರದಿಂದಲೇ ಊಹಿಸಬಹುದು. ಗುಳ್ಳೆ ಎದ್ದ ಬಣ್ಣವನ್ನು ಗ್ರೈಂಡರಿನಿಂದ ಕೆರೆದು, ಕೆಳಗೆ ಕಂಡ ಸಣ್ಣ ತೂತುಗಳ ಮೇಲೆ ನಮ್ಮ ಭಾಗದ ಪೇಂಟರುಗಳು ಲಾಂಬಿ ಎಂದು ಕರೆಯುವ ಪುಟ್ಟಿಯನ್ನು ಎಳೆದು, ಪಾಲಿಶ್ ಕಾಗದದಿಂದ ಉಜ್ಜಿ, ಬಣ್ಣ ಹೊಡೆದಿರುತ್ತಾರೆ. ಆದರೆ ಮಡ್‌ಗಾರ್ಡಿನ ಕೆಳತುದಿಯ ಜಂಗು ಒಳಮೈಯಲ್ಲಿ ಹುಟ್ಟಿ ಹೊರಗೆ ಬರುತ್ತದೆ. ಹೊರಗೆ ಗುಳ್ಳೆ ಕಾಣುವ ಹೊತ್ತಿಗೆ ಒಳಗಿನಿಂದ ತಗಡು ಪೂರ್ತಿ ಸವೆದಿರುತ್ತದೆ. ಜಂಗಾದ ಕಬ್ಬಿಣ ತಾನು ಮೊದಲಿದ್ದುದಕ್ಕಿಂತ ಹಲವು ಪಟ್ಟು ಹೆಚ್ಚು ಜಾಗ ಬೇಡುವುದರಿಂದ ಮೇಲಿನ ಬಣ್ಣವನ್ನು ಎತ್ತಿ ಹಿಡಿಯುತ್ತದೆ. ಅದರ ಮೇಲೆ ಪುಟ್ಟಿ ಹಾಕಿದರೆ, ಪುಟ್ಟಿ ತಾನೂ ಒಳಗಿನಿಂದ ತೇವ ಹೀರಿಕೊಂಡು ಒದ್ದೆ ಬಟ್ಟೆಯನ್ನು ಕಬ್ಬಿಣಕ್ಕೆ ಸುತ್ತಿದ ಹಾಗೆ ಕೂತುಬಿಡುತ್ತದೆ. ನಿಮ್ಮ ಕಾರು ಎರಡು ಮಳೆಗಾಲ ತಡೆದದ್ದೇ ಹೆಚ್ಚು.

ಆದ್ದರಿಂದ ಸುತ್ತಿಗೆ ಎತ್ತುವ ಮೊದಲು ನೀರು ಎಲ್ಲಿಂದ ಬರುತ್ತದೆ, ಎಲ್ಲಿ ನಿಲ್ಲುತ್ತದೆ, ಏಕೆ ಹೊರಗೆ ಹೋಗುತ್ತಿಲ್ಲ ಎಂಬುದನ್ನು ಹುಡುಕಬೇಕು. ಬೆಳಗಾವಿಯಲ್ಲಿ ವರ್ಷಕ್ಕೆ ಸುಮಾರು 1,300 ಮಿ.ಮೀ. ಮಳೆ ಬೀಳುತ್ತದೆ; ಆದರೂ ಮಳೆಯ ಪ್ರಮಾಣಕ್ಕಿಂತ ನಿಂತ ನೀರಿನ ಅವಧಿಯೇ ತಗಡನ್ನು ತಿನ್ನುವುದು. ಮುಂದಿನ ಗಾಲಿ ಎರಚುವ ಕೆಸರು ಹೆಡ್‌ಲೈಟಿನ ಹಿಂಬದಿಗೂ ಮಡ್‌ಗಾರ್ಡಿನ ಹಿಂಭಾಗದ ಕೆಳಮೂಲೆಗೂ ಹೋಗಿ ಅಂಟಿಕೊಳ್ಳುತ್ತದೆ. ಒಮ್ಮೆ ಎರೆಮಣ್ಣಿನ ಊರಿಗೆ ಹೋಗಿ ಬಂದ ಕಾರಾದರೆ ಆ ಮಣ್ಣು ಹತ್ತಾರು ದಿನ ಒಣಗುವುದಿಲ್ಲ. ಬಾಗಿಲಿನ ಕಥೆ ಬೇರೆ. ಗಾಜಿನ ಹೊರಗಿನ ರಬ್ಬರ್ ಬೀಡಿಂಗ್ ಗಟ್ಟಿಯಾಗಿ ಬಿರುಕು ಬಿಟ್ಟಾಗ ಮಳೆನೀರು ಗಾಜಿನ ಗುಂಟ ಬಾಗಿಲ ಹೊಟ್ಟೆಯೊಳಗೆ ಇಳಿಯುತ್ತದೆ. ಅದು ಇಳಿಯಬೇಕಾದದ್ದೇ, ಹೊರಗೆ ಹೋಗಲೆಂದು ಕೆಳಅಂಚಿನಲ್ಲಿ ಸಣ್ಣ ಕಿಂಡಿಗಳನ್ನು ಕಾರ್ಖಾನೆಯವರೇ ಬಿಟ್ಟಿರುತ್ತಾರೆ. ಧೂಳು, ಎಲೆ, ಹಳೆಯ ಬಣ್ಣ ಅಥವಾ ಯಾರೋ ಉತ್ಸಾಹದಿಂದ ಬಳಿದ ಡಾಂಬರು ಲೇಪ ಆ ಕಿಂಡಿಗಳನ್ನು ಮುಚ್ಚಿದಾಗ ಬಾಗಿಲು ಒಂದು ತೊಟ್ಟಿಯಾಗುತ್ತದೆ. ಒಂದು ತಂಬಿಗೆ ನೀರನ್ನು ಗಾಜಿನ ಗುಂಟ ಸುರಿದು ಕೆಳಗೆ ಎಷ್ಟು ಹೊತ್ತಿಗೆ ಹನಿಯುತ್ತದೆ ಎಂದು ನೋಡಿ. ಹನಿಯದಿದ್ದರೆ ಕಾರಣ ಸಿಕ್ಕಿತು.

ಹಾನಿ ಎಷ್ಟು ವ್ಯಾಪಿಸಿದೆ ಎಂದು ತಿಳಿಯಲು ಒಂದು ಸಣ್ಣ ಅಯಸ್ಕಾಂತವನ್ನು ತೆಳುವಾದ ಬಟ್ಟೆಯಲ್ಲಿ ಸುತ್ತಿ ಮೈಮೇಲೆಲ್ಲ ಸರಿಸಿರಿ. ಅದು ಹಿಡಿಯದೆ ಜಾರುವ ಕಡೆ ದಪ್ಪ ಪುಟ್ಟಿ ಇದೆ ಎಂದೇ ಅರ್ಥ. ಆಮೇಲೆ ಕಾರನ್ನು ಎತ್ತರಕ್ಕೆ ನಿಲ್ಲಿಸಿ, ಅಡಿಯಿಂದ ಸ್ಕ್ರೂಡ್ರೈವರಿನ ಹಿಡಿಕೆಯಿಂದ ಮೆಲ್ಲಗೆ ಬಡಿಯುತ್ತ ಹೋಗಿ. ಗಟ್ಟಿ ತಗಡು ಠಣ್ ಎನ್ನುತ್ತದೆ, ಜಂಗು ತಿಂದದ್ದು ಒದ್ದೆ ರಟ್ಟಿನ ಹಾಗೆ ದಬ್ ಎನ್ನುತ್ತದೆ. ಹೊರಗೆ ಒಂದು ರೂಪಾಯಿಯಷ್ಟು ಗುಳ್ಳೆ ಇದ್ದರೆ ಒಳಗೆ ಅಂಗೈಯಷ್ಟು ಹಾನಿ ಇರುತ್ತದೆ ಎಂದೇ ಎಣಿಸಿ ಹಣ ಹೊಂದಿಸಿಕೊಳ್ಳಿ. ಬಿಚ್ಚಿದ ಮೇಲೆ ನಿರಾಶೆಯಾಗುವುದಕ್ಕಿಂತ ಇದು ವಾಸಿ.

ಈಗ ಅತ್ಯಂತ ಎಚ್ಚರ ಬೇಕಾದ ಸಂಗತಿ. ನೀವು ‘ಬಾಗಿಲುಗಳ ಕೆಳಗಿನ ಪಟ್ಟಿ’ ಎಂದು ಬರೆದದ್ದನ್ನು ಗ್ಯಾರೇಜಿನವರು ಸಿಲ್ ಎನ್ನುತ್ತಾರೆ. ಫಿಯಾಟ್ 1100 ಕಾರಿಗೆ ಜೀಪಿನಂತೆ ಪ್ರತ್ಯೇಕ ಚಾಸಿ, ಅಂದರೆ ಮೈಯನ್ನು ಹೊರುವ ಅಡಿಚೌಕಟ್ಟು ಇಲ್ಲ. ತಗಡಿನ ಮೈಯೇ ಭಾರ ಹೊರುವ ಕಟ್ಟಡ, ಮತ್ತು ಆ ಕಟ್ಟಡದಲ್ಲಿ ಎರಡೂ ಬದಿಯ ಸಿಲ್‌ಗಳು ತೊಲೆಗಳಿದ್ದಂತೆ. ಮಡ್‌ಗಾರ್ಡಿನ ತೂತು ನೋಟದ ಪ್ರಶ್ನೆಯಾದರೆ ಸಿಲ್ಲಿನ ತೂತು ಸುರಕ್ಷತೆಯ ಪ್ರಶ್ನೆ. ಕಾರನ್ನು ಜ್ಯಾಕಿನಿಂದ ಒಂದು ಬದಿಗೆ ಎತ್ತಿದಾಗ ಆ ಬದಿಯ ಬಾಗಿಲು ತೆರೆಯಲು ಬಿಗಿಯಾದರೆ ಅಥವಾ ಬಾಗಿಲಿನ ಸುತ್ತಲಿನ ಸಂದು ಒಂದು ಕಡೆ ಕಿರಿದಾಗಿ ಇನ್ನೊಂದು ಕಡೆ ಅಗಲವಾದರೆ, ತೊಲೆ ಸೋತಿದೆ ಎಂದು ತಿಳಿಯಬೇಕು. ನನ್ನ ಎಳೆಯ ವಯಸ್ಸಿನಲ್ಲಿ, ಇದನ್ನೆಲ್ಲ ಅರಿಯದೆ, ಒಂದು ಅಂಬಾಸಡರ್ ಕಾರಿನ ಎರಡೂ ಸಿಲ್‌ಗಳನ್ನು ಒಟ್ಟಿಗೆ ಕತ್ತರಿಸಿ, ಸೀಟು ಬಿಚ್ಚಿದ ಮೈಗೆ ಒಳಗಿನಿಂದ ಯಾವ ಆಸರೆಯನ್ನೂ ಕೊಡದೆ ಹೊಸ ತಗಡು ಬೆಸೆದಿದ್ದೆ. ಕೆಲಸ ಮುಗಿದ ಮೇಲೆ ಹಿಂದಿನ ಬಾಗಿಲು ಮುಚ್ಚಲಿಲ್ಲ. ಎಲ್ಲವನ್ನೂ ಮತ್ತೆ ಕತ್ತರಿಸಬೇಕಾಯಿತು, ಆ ತಿಂಗಳ ದುಡಿಮೆ ಹೋಯಿತು. ಅಂದಿನಿಂದ ಬಾಗಿಲ ಚೌಕಟ್ಟಿನೊಳಗೆ ಕಬ್ಬಿಣದ ಕೋನಪಟ್ಟಿಯ ಆಸರೆ ಬೆಸೆದು, ಕಾರನ್ನು ಸಮನೆಲದ ಮೇಲೆ ನಾಲ್ಕು ಸ್ಟ್ಯಾಂಡ್‌ಗಳಿಗೆ ಕೂರಿಸಿ, ಬಾಗಿಲುಗಳ ಸಂದುಗಳನ್ನು ಅಳೆದು ಬರೆದಿಟ್ಟು, ಒಂದು ಬದಿ ಪೂರ್ತಿ ಮುಗಿದ ಮೇಲೆಯೇ ಇನ್ನೊಂದು ಬದಿಯನ್ನು ಮುಟ್ಟುತ್ತೇನೆ.

ಕತ್ತರಿಸುವಾಗ ಕರುಣೆ ಬೇಡ. ಜಂಗಿನ ಗೆರೆಯಿಂದ ಸುಮಾರು ಒಂದು ಇಂಚು ಆಚೆಗೆ, ಹೊಳೆಯುವ ಗಟ್ಟಿ ಲೋಹ ಸಿಗುವ ತನಕ ಕತ್ತರಿಸಬೇಕು. ತೆಳುವಾದ ಅಂಚಿಗೆ ವೆಲ್ಡಿಂಗ್ ನಿಲ್ಲುವುದಿಲ್ಲ, ತೂತು ದೊಡ್ಡದಾಗುತ್ತ ಹೋಗುತ್ತದೆ. ತೇಪೆಗೆ 20 ಗೇಜಿನ, ಅಂದರೆ ಸುಮಾರು 0.9 ಮಿ.ಮೀ. ದಪ್ಪದ ಸಿಆರ್‌ಸಿಎ (ತಣ್ಣಗೆ ಒತ್ತಿ, ಕಾಯಿಸಿ ಮೆದು ಮಾಡಿದ, ಲೇಪವಿಲ್ಲದ ಉಕ್ಕಿನ) ತಗಡು ಸಾಕು. ಮನೆಯ ಮೇಲೆ ಹಾಕುವ ಸತುವಿನ ಲೇಪದ ತಗಡು ಖಂಡಿತ ಬೇಡ, ಏಕೆಂದರೆ ವೆಲ್ಡಿಂಗ್ ಮಾಡುವಾಗ ಬರುವ ಸತುವಿನ ಹೊಗೆ ಕೆಲಸಗಾರನಿಗೆ ಚಳಿಜ್ವರ ತರುತ್ತದೆ ಮತ್ತು ಬೆಸುಗೆಯಲ್ಲಿ ರಂಧ್ರಗಳು ಉಳಿಯುತ್ತವೆ. ಮೊದಲು ರಟ್ಟಿನಲ್ಲಿ ನಮೂನೆ ಕತ್ತರಿಸಿ, ತಗಡಿಗೆ ಇಳಿಸಿ, ಸುತ್ತಿಗೆ ಮತ್ತು ತಗಡಿನ ಹಿಂದೆ ಒತ್ತಿ ಹಿಡಿಯುವ ಡಾಲಿ ಎಂಬ ಕಬ್ಬಿಣದ ಗಟ್ಟಿಯಿಂದ ಮೂಲದ ಬಾಗು ಕೊಟ್ಟು, ಹಳೆಯ ತಗಡಿನ ಅಂಚಿಗೆ ಅಂಚು ಕೂಡುವಂತೆ ಕೂರಿಸಬೇಕು. ಹಳೆಯದರ ಮೇಲೆ ಹೊಸದನ್ನು ಹೊದಿಸಿ ಬೆಸೆಯುವುದು ಸುಲಭ, ಆದರೆ ಎರಡು ಪದರಗಳ ನಡುವಿನ ಸಂದು ನೀರಿಗೆ ಹೊಸ ಮನೆಯಾಗುತ್ತದೆ. ಸಿಲ್ಲಿನ ಅಂಚುಗಳಲ್ಲಿ ಕಾರ್ಖಾನೆಯವರೇ ಪದರದ ಮೇಲೆ ಪದರ ಇಟ್ಟು ಸ್ಪಾಟ್ ವೆಲ್ಡಿಂಗ್ ಮಾಡಿರುವುದರಿಂದ ಅಲ್ಲಿ ಮಾತ್ರ ಬೇರೆ ದಾರಿಯಿಲ್ಲ. ಬೆಸೆಯುವ ಮೊದಲು ನಡುವೆ ಸತುವಿನ ವೆಲ್ಡಿಂಗ್ ಪ್ರೈಮರ್ ಬಳಿದುಕೊಳ್ಳಿ.

ವೆಲ್ಡಿಂಗ್ ಯಾವುದು ಎಂಬ ಬಗ್ಗೆ ಮಿಸ್ತ್ರಿಗಳಲ್ಲಿಯೇ ಒಮ್ಮತವಿಲ್ಲ. ಗ್ಯಾಸ್ ವೆಲ್ಡಿಂಗಿನ ಬೆಸುಗೆ ಮೆದುವಾಗಿರುವುದರಿಂದ ಸುತ್ತಿಗೆಯಿಂದ ತಟ್ಟಿ ನಯ ಮಾಡಬಹುದು, ಆದರೆ ಅದರ ಬಿಸಿ ತಗಡನ್ನು ಅಗಲಕ್ಕೆ ಸೊಟ್ಟ ಮಾಡುತ್ತದೆ. ಇಂದು ಕೈಗೆಟಕುವ ಮಿಗ್ (ತಂತಿಯೇ ಕರಗಿ ಬೆಸುಗೆಯಾಗುವ ವಿದ್ಯುತ್ ವೆಲ್ಡಿಂಗ್) ಯಂತ್ರದಲ್ಲಿ 0.8 ಮಿ.ಮೀ. ತಂತಿ ಹಾಕಿ, ಒಂದು ಚುಕ್ಕೆ ಇಲ್ಲಿ ಇಟ್ಟರೆ ಮುಂದಿನದನ್ನು ದೂರದಲ್ಲಿ ಇಟ್ಟು, ತಗಡನ್ನು ಮುಟ್ಟಿ ನೋಡಿ ಅದು ತಣಿದ ಮೇಲೆಯೇ ನಡುವಿನ ಜಾಗ ತುಂಬುತ್ತ ಹೋದರೆ ಸಾಮಾನ್ಯ ಮಿಸ್ತ್ರಿಯೂ ಒಳ್ಳೆಯ ಫಲಿತಾಂಶ ಕೊಡಬಲ್ಲ. ಒಂದೇ ಎಳೆತದಲ್ಲಿ ಉದ್ದಕ್ಕೂ ಬೆಸುಗೆ ಹಾಕುವವರಿಗೆ ನಿಮ್ಮ ಕಾರು ಕೊಡಬೇಡಿ. ಈ ಕೆಲಸಕ್ಕೆ ಮೊದಲು ಬ್ಯಾಟರಿ ಬಿಚ್ಚುವುದು, ಪೆಟ್ರೋಲ್ ಟ್ಯಾಂಕನ್ನು ಕಾರಿನಿಂದಲೇ ಇಳಿಸಿ ದೂರ ಇಡುವುದು, ಸೀಟು ಮತ್ತು ಒಳಹೊದಿಕೆ ತೆಗೆಯುವುದು, ಪಕ್ಕದಲ್ಲಿ ನೀರು ತುಂಬಿದ ಬಕೆಟ್ಟು ಹಾಗೂ ಒಬ್ಬ ಕಾವಲಿನವ ಇರುವುದು ಕಡ್ಡಾಯ.

ಒಂದು ಮಾತು ಸೇರಿಸುತ್ತೇನೆ. ಪ್ಲಾಸ್ಟಿಕ್ ಪುಟ್ಟಿ ಬರುವ ಮೊದಲು ಮೈಯ ಕೂಡುಗೆರೆಗಳನ್ನು ಸೀಸ ಮತ್ತು ತವರದ ಮಿಶ್ರಣದಿಂದ ತುಂಬುತ್ತಿದ್ದರು. ಕಲಾಯಿಗಾರ ತಾಮ್ರದ ಪಾತ್ರೆಯನ್ನು ಕಾಯಿಸಿ, ನವಸಾಗರ ಹಾಕಿ, ತವರವನ್ನು ಅರಿವೆಯಿಂದ ಒರೆಸಿ ಹರಡುವುದನ್ನು ಕಂಡವರಿಗೆ ಆ ಕ್ರಮ ಹೊಸದೆನಿಸದು, ಮೊದಲ ಹಂತ ಎರಡರಲ್ಲೂ ಒಂದೇ. ನಿಮ್ಮ ಕಾರಿನ ಹಳೆಯ ಕೂಡುಗೆರೆಯಲ್ಲಿ ಬೂದುಬಣ್ಣದ ಮೆದು ಲೋಹ ಕಂಡರೆ ಅದನ್ನು ಗ್ರೈಂಡರಿನಿಂದ ಉಜ್ಜಿಸಬೇಡಿ. ಸೀಸದ ಪುಡಿ ಉಸಿರಿಗೆ ವಿಷ, ಅರದಿಂದಷ್ಟೇ ತೆಗೆಸಿ.

ಬೆಸುಗೆಯನ್ನು ನಯ ಮಾಡಿದ ಮೇಲೆ ಬರಿ ಲೋಹಕ್ಕೆ ಅಂದೇ ಎಪಾಕ್ಸಿ ಪ್ರೈಮರ್ ಬಳಿಯಬೇಕು. ಪುಟ್ಟಿ ಶತ್ರುವಲ್ಲ, ತೂತು ಮುಚ್ಚಲು ಬಳಸದೆ, ಗಟ್ಟಿ ತಗಡಿನ ಏರುತಗ್ಗು ಸಮ ಮಾಡಲು ಎರಡು ಮೂರು ಮಿ.ಮೀ. ಮೀರದಂತೆ ಬಳಸಿದರೆ ಅದು ಬಹುಕಾಲ ಬಾಳುತ್ತದೆ. ಬೆಳಗಾವಿಯಲ್ಲಿ ಈ ಕೆಲಸಕ್ಕೆ ಡಿಸೆಂಬರಿನಿಂದ ಏಪ್ರಿಲ್‌ವರೆಗಿನ ಕಾಲ ಯೋಗ್ಯ. ಆಗಸ್ಟಿನ ತೇವದಲ್ಲಿ ನೀರು ಹಾಕಿ ಉಜ್ಜಿ ಮರುದಿನವೇ ಬಣ್ಣ ಹೊಡೆದ ಕಾರು ಮುಂದಿನ ಬೇಸಿಗೆಯ ಬಿಸಿಲಿಗೆ ಗುಳ್ಳೆ ಏಳದಿದ್ದರೆ ಆಶ್ಚರ್ಯವೇ. ರೆಡ್ ಆಕ್ಸೈಡ್ ಬಳಿದು ‘ಬಣ್ಣ ಆಮೇಲೆ ಮಾಡೋಣ’ ಎಂದು ತಿಂಗಳುಗಟ್ಟಲೆ ಬಿಡುವ ರೂಢಿಯೂ ಕೆಟ್ಟದ್ದು, ಆ ಪ್ರೈಮರ್ ನೀರನ್ನು ತಡೆಯುವುದಿಲ್ಲ.

ಇನ್ನು ನೀವು ಕೇಳಿದ ನೇರ ಪ್ರಶ್ನೆ. ಸಿಲ್ಲಿಗೆ ಫೈಬರ್ ಯಾವ ಕಾರಣಕ್ಕೂ ಬೇಡ. ಮಡ್‌ಗಾರ್ಡಿನ ಕೆಳತುದಿಯಷ್ಟೇ ಹೋಗಿದ್ದರೆ ಇಡೀ ಮಡ್‌ಗಾರ್ಡ್ ಬದಲಿಸುವ ಅಗತ್ಯವಿಲ್ಲ, ಮೂಲದ ತಗಡನ್ನು ಉಳಿಸಿಕೊಳ್ಳುವುದೇ ಹಳೆಯ ಕಾರಿಗೆ ಮರ್ಯಾದೆ. ಹಾನಿ ಹೆಡ್‌ಲೈಟಿನ ಸುತ್ತಲೂ ಹಬ್ಬಿದ್ದರೆ ಮಾತ್ರ ಬೇರೆ ಮಡ್‌ಗಾರ್ಡ್ ಹುಡುಕಿ. 1974ರಿಂದ ಪ್ರೀಮಿಯರ್ ಪದ್ಮಿನಿ ಎಂಬ ಹೆಸರಿನಲ್ಲಿ ಮುಂದುವರಿದದ್ದು ಬಹುಮಟ್ಟಿಗೆ ಇದೇ ಮೈಕಟ್ಟು. ಗುಜರಿಗೆ ಹೋದ ಪದ್ಮಿನಿಯ ಗಟ್ಟಿ ಭಾಗಗಳಿಂದ ಬೇಕಾದ ಬಾಗಿನ ತುಂಡು ಸಿಗಬಹುದು. ಕೊಳ್ಳುವ ಮೊದಲು ನಿಮ್ಮ ಕಾರಿನ ರಟ್ಟಿನ ನಮೂನೆಯನ್ನು ಕೈಯಲ್ಲಿ ಒಯ್ಯಿರಿ.

ಪ್ರಶ್ನೆ (ಮುಧೋಳ, ಬಾಗಲಕೋಟೆ ಜಿಲ್ಲೆ): ಸಕ್ಕರೆ ಕಾರ್ಖಾನೆಯಲ್ಲಿ ಉಳಿಯುವ ಕಾಕಂಬಿಯಲ್ಲಿ ನೆನೆಹಾಕಿದರೆ ಜಂಗು ಬಿಡುತ್ತದೆ ಎಂದು ಕೇಳಿದ್ದೇನೆ. ಇದು ನಿಜವೇ? ನನ್ನ ಹಳೆಯ ಅಂಬಾಸಡರಿನ ಬಾನೆಟ್ಟು, ಅದರ ಕೀಲುಗಳು, ಗಾಲಿಯ ರಿಮ್ಮುಗಳು ಮತ್ತು ಒಂದು ಬಾಗಿಲನ್ನು ಹೀಗೆ ಮಾಡಬಹುದೇ? ಅಥವಾ ಬೆಳಗಾವಿಯ ಉದ್ಯಮಬಾಗಕ್ಕೆ ಒಯ್ದು ಶಾಟ್ ಬ್ಲಾಸ್ಟಿಂಗ್ ಮಾಡಿಸಲೇ?

ಉತ್ತರ: ನಿಜ. ಕಬ್ಬಿನ ನಾಡಿನಲ್ಲಿ ಕೂತು ಈ ಪ್ರಶ್ನೆ ಕೇಳಿದ್ದಕ್ಕೆ ಸಂತೋಷವಾಯಿತು. ಕಾಕಂಬಿಯಲ್ಲಿರುವ ಸಾವಯವ ಪದಾರ್ಥಗಳು ಜಂಗಿನ ಕಬ್ಬಿಣವನ್ನು ಹಿಡಿದು ನೀರಿಗೆ ಸೆಳೆದುಕೊಳ್ಳುತ್ತವೆ, ಕೆಳಗಿನ ಗಟ್ಟಿ ಉಕ್ಕನ್ನು ಬಹುಮಟ್ಟಿಗೆ ಮುಟ್ಟುವುದಿಲ್ಲ. ಒಂದು ಪಾಲು ಕಾಕಂಬಿಗೆ ಒಂಬತ್ತು ಅಥವಾ ಹತ್ತು ಪಾಲು ನೀರು ಬೆರೆಸಿ, ಪ್ಲಾಸ್ಟಿಕ್ ಪೀಪಾಯಿಯಲ್ಲಿ ವಸ್ತು ಪೂರ್ತಿ ಮುಳುಗುವಂತೆ ಇಡಬೇಕು. ಬೇಸಿಗೆಯಲ್ಲಿ ವಾರದೊಳಗೆ ಗುಣ ಕಾಣುತ್ತದೆ, ದಪ್ಪ ಜಂಗಾದರೆ ಎರಡು ಮೂರು ವಾರ ಬೇಕು. ಎಣ್ಣೆ, ಗ್ರೀಸು ಮತ್ತು ಬಣ್ಣ ಇದ್ದಲ್ಲಿ ಕಾಕಂಬಿ ಕೆಲಸ ಮಾಡುವುದಿಲ್ಲವಾದ್ದರಿಂದ ಅವುಗಳನ್ನು ಮೊದಲೇ ತೆಗೆದಿರಬೇಕು. ಕಾರ್ಖಾನೆಯ ಕಾಕಂಬಿಗೆ ಅಬಕಾರಿ ನಿಯಮಗಳಿರುವುದರಿಂದ ಪಶು ಆಹಾರದ ಅಂಗಡಿಯಲ್ಲಿ ಕೇಳುವುದು ಸರಳ. ಮಹಾಲಿಂಗಪುರದ ಒಳ್ಳೆಯ ಬೆಲ್ಲವನ್ನು ಕರಗಿಸಿ ಹಾಕಲೇ ಎಂದು ಹಿಂದೊಮ್ಮೆ ಒಬ್ಬರು ಕೇಳಿದ್ದರು. ಅದನ್ನು ಹೋಳಿಗೆಗೆ ಇಟ್ಟುಕೊಳ್ಳಿ ಎಂದಿದ್ದೆ.

ನಿಮ್ಮ ಪಟ್ಟಿಯಲ್ಲಿ ಕೀಲುಗಳು ಮತ್ತು ಟೈರು ಬಿಚ್ಚಿದ ರಿಮ್ಮುಗಳು ಈ ಕ್ರಮಕ್ಕೆ ಹೇಳಿ ಮಾಡಿಸಿದಂಥವು. ಬಾನೆಟ್ಟಿನ ಅಡಿಯಲ್ಲಿ ಬಲಕ್ಕಾಗಿ ಬೆಸೆದ ಪಟ್ಟಿಗಳಿರುತ್ತವೆ, ಬಾಗಿಲಿನಲ್ಲಿ ಒಳತಗಡಿನ ಅಂಚಿನ ಮೇಲೆ ಹೊರತಗಡನ್ನು ಮಡಿಸಿರುತ್ತಾರೆ. ಆ ಮಡಿಕೆಗಳೊಳಗೆ ಹೊಕ್ಕ ಕಾಕಂಬಿ ನೀರನ್ನು ಪೂರ್ತಿ ತೊಳೆದು ಹೊರಹಾಕುವುದು ಬಹಳ ಕಷ್ಟ. ಒಳಗೆ ಉಳಿದದ್ದು ತೇವ ಹಿಡಿದುಕೊಂಡು ಹೊಸ ಜಂಗಿಗೆ ಬೀಜವಾಗುತ್ತದೆ. ಆದ್ದರಿಂದ ಬಾನೆಟ್ಟನ್ನಾಗಲಿ ಬಾಗಿಲನ್ನಾಗಲಿ ನೆನೆಹಾಕಬೇಡಿ. ಬಾಗಿಲಿನ ಕೆಳಅಂಚನ್ನು ಬಿಡಿಸಿ, ಕೈಯಿಂದ ಉಜ್ಜಿ, ಉಳಿದ ಚುಕ್ಕೆಗಳಿಗೆ ಫಾಸ್ಫಾರಿಕ್ ಆಮ್ಲ ಆಧಾರಿತ ದ್ರಾವಣ ಬಳಿದು, ಡಬ್ಬದ ಮೇಲಿನ ಸೂಚನೆಯಂತೆ ತೊಳೆದು ಒಣಗಿಸಿ. ಅಲ್ಯುಮಿನಿಯಂ ಭಾಗಗಳು ಮತ್ತು ಸತುವಿನ ಎರಕದಲ್ಲಿ ಮಾಡಿದ ಹಿಡಿಕೆ, ಲಾಂಛನಗಳು ಕಾಕಂಬಿಯಲ್ಲಿ ಸವೆದುಹೋಗುವುದರಿಂದ ಅವು ಆ ಪೀಪಾಯಿಯ ಹತ್ತಿರವೂ ಬರಬಾರದು. ಹೊರತೆಗೆದ ವಸ್ತುವನ್ನು ಜೋರು ನೀರಿನಿಂದ ತೊಳೆದು, ಬಿಸಿಗಾಳಿಯಿಂದ ಒಣಗಿಸಿ, ಅದೇ ದಿನ ಪ್ರೈಮರ್ ಬಳಿಯಿರಿ. ಒಂದು ರಾತ್ರಿ ಬಿಟ್ಟರೆ ಮೈತುಂಬ ಅರಿಶಿನ ಬಳಿದಂತೆ ಹೊಸ ಜಂಗು ಕೂರುತ್ತದೆ. ಪೀಪಾಯಿ ಹುಳಿತು ನಾರುತ್ತದೆ, ನೊಣ ಮುತ್ತುತ್ತದೆ, ಎಮ್ಮೆಗಳು ವಾಸನೆ ಹಿಡಿದು ಬರುತ್ತವೆ. ಹಳೆಯ ಬಣ್ಣದ ಸೀಸವೂ ಬೆರೆತಿರಬಹುದಾದ ಆ ನೀರನ್ನು ದನಕರುಗಳು ಕುಡಿಯದಂತೆ ಗಟ್ಟಿ ಮುಚ್ಚಳ ಹಾಕಿ, ಕೆಲಸ ಮುಗಿದ ಮೇಲೆ ಬಾವಿಗಾಗಲಿ ಹಳ್ಳಕ್ಕಾಗಲಿ ಚೆಲ್ಲಬೇಡಿ.

ಶಾಟ್ ಬ್ಲಾಸ್ಟಿಂಗ್ ಬಗ್ಗೆ ಹೇಳುವುದಾದರೆ, ಉದ್ಯಮಬಾಗದ ಫೌಂಡ್ರಿಗಳಲ್ಲಿ ಆ ಯಂತ್ರಗಳಿರುವುದು ಎರಕದ ದಪ್ಪ ವಸ್ತುಗಳನ್ನು ಶುಚಿ ಮಾಡಲು. ಉಕ್ಕಿನ ಗುಂಡುಗಳ ಹೊಡೆತಕ್ಕೆ ಒಂದು ಮಿ.ಮೀ. ದಪ್ಪವೂ ಇಲ್ಲದ ಬಾನೆಟ್ಟಿನ ತಗಡು ಹಿಗ್ಗಿ ಹಪ್ಪಳದಂತೆ ಅಲೆಯಲೆಯಾಗುತ್ತದೆ, ಆಮೇಲೆ ಅದನ್ನು ಯಾವ ಮಿಸ್ತ್ರಿಯೂ ಸರಿಮಾಡಲಾರ. ರಿಮ್ಮುಗಳನ್ನು ಬೇಕಾದರೆ ಅಲ್ಲಿಗೆ ಒಯ್ಯಬಹುದು.

ಪ್ರಶ್ನೆ (ತಿಕೋಟಾ, ವಿಜಯಪುರ ಜಿಲ್ಲೆ): ನಾನು ದ್ರಾಕ್ಷಿ ಬೆಳೆಗಾರ. ನಮ್ಮ ಅಜ್ಜನ ಕಾಲದ ಮಹೀಂದ್ರಾ ಜೀಪು ಹತ್ತು ವರ್ಷಗಳಿಂದ ತೋಟದ ಶೆಡ್ಡಿನಲ್ಲಿ, ಗೊಬ್ಬರದ ಚೀಲಗಳ ಪಕ್ಕದಲ್ಲಿ ನಿಂತಿದೆ. ಮಳೆಗೆ ಒಂದು ದಿನವೂ ನೆನೆದಿಲ್ಲ, ನಮ್ಮಲ್ಲಿ ಮಳೆಯೂ ಕಡಿಮೆ. ಆದರೂ ಕಾಲಿಡುವ ನೆಲದ ತಗಡು ಮತ್ತು ಹಿಂಬದಿಯ ಪೆಟ್ಟಿಗೆಯ ಕೆಳಭಾಗ ಪುಡಿಪುಡಿಯಾಗಿದೆ. ಏಕೆ ಹೀಗಾಯಿತು? ಅಲ್ಯುಮಿನಿಯಂ ಚೆಕರ್ಡ್ ಪ್ಲೇಟನ್ನು ರಿವೆಟ್ ಹೊಡೆದು ಹಾಕಿಸಿದರೆ ಇನ್ನೆಂದೂ ಜಂಗು ಬಾರದು ಎಂದು ಒಬ್ಬರು ಹೇಳಿದ್ದಾರೆ.

ಉತ್ತರ: ನಿಮ್ಮ ಜೀಪಿಗೆ ಮಳೆ ಬೇಕಾಗಿರಲಿಲ್ಲ, ಗೊಬ್ಬರದ ಚೀಲಗಳೇ ಸಾಕಾದವು. ಪೊಟ್ಯಾಷ್ ಎಂದು ನಾವು ಚೀಲದಲ್ಲಿ ತರುವುದರಲ್ಲಿ ಬಹುಪಾಲು ಪೊಟ್ಯಾಸಿಯಂ ಕ್ಲೋರೈಡ್, ಅಂದರೆ ಅಡುಗೆ ಉಪ್ಪಿನ ಸೋದರ. ಅದರ ಧೂಳು ತಗಡಿನ ಮೇಲೆ ಕೂತು ಗಾಳಿಯ ತೇವವನ್ನು ಹೀರಿ ಉಪ್ಪುನೀರಿನ ತೆಳುಪದರವಾಗುತ್ತದೆ. ಉಪ್ಪುನೀರು ವಿದ್ಯುತ್ತನ್ನು ಚೆನ್ನಾಗಿ ಹರಿಯಬಿಡುವುದರಿಂದಲೇ ಕಬ್ಬಿಣ ಬೇಗ ಕರಗುತ್ತದೆ; ಸಮುದ್ರದಂಡೆಯ ಕಾರುಗಳು ಜಂಗಿನಿಂದ ಸಾಯುವುದೂ ಇದೇ ಕಾರಣಕ್ಕೆ. ಹೀಗೆ ವರ್ಷಕ್ಕೆ 600 ಮಿ.ಮೀ. ಆಸುಪಾಸು ಮಳೆ ಬೀಳುವ ವಿಜಯಪುರ ಜಿಲ್ಲೆಯಲ್ಲಿ ನಿಮ್ಮ ಜೀಪು ಗೋವೆಯ ದಂಡೆಯ ಕಾರಿನ ಬಾಳು ಬಾಳಿದೆ. ಶೆಡ್ಡಿನ ನೆಲ ಮಣ್ಣಿನದಾಗಿದ್ದರೆ ರಾತ್ರಿ ಏಳುವ ನೆಲದ ತೇವ ತಂಪಾದ ತಗಡಿನ ಅಡಿಯಲ್ಲಿ ಹನಿಗಟ್ಟಿ ಈ ಕೆಲಸಕ್ಕೆ ಕೈಗೂಡಿಸುತ್ತದೆ.

ಆದ್ದರಿಂದ ಮೊದಲ ಕೆಲಸ ಜೀಪನ್ನು ಅಲ್ಲಿಂದ ಹೊರತೆಗೆದು, ಸಿಹಿನೀರಿನಿಂದ ಅಡಿ, ಮೂಲೆ, ಚಾಸಿಯ ಒಳಗೆಲ್ಲ ಒಂದಕ್ಕೆ ಮೂರು ಸಲ ತೊಳೆದು ಬಿಸಿಲಿಗೆ ಒಣಗಿಸುವುದು. ಉಪ್ಪು ಉಳಿದ ಲೋಹದ ಮೇಲೆ ಎಷ್ಟು ಬೆಲೆಯ ಬಣ್ಣ ಬಳಿದರೂ ವ್ಯರ್ಥ. ಬೋರ್‌ವೆಲ್ಲಿನ ನೀರು ಸವುಳಾಗಿದ್ದರೆ ಕೊನೆಯ ಸುತ್ತಿಗೆ ಮಳೆನೀರನ್ನೋ ಕೆನಾಲಿನ ನೀರನ್ನೋ ಬಳಸಿ.

ಅಲ್ಯುಮಿನಿಯಂ ಪ್ಲೇಟಿನ ಸಲಹೆಯನ್ನು ನಾನು ಒಪ್ಪುವುದಿಲ್ಲ. ಎರಡು ಬೇರೆ ಲೋಹಗಳು ಒಂದಕ್ಕೊಂದು ತಾಗಿ ನಡುವೆ ಉಪ್ಪು ತೇವ ಸೇರಿದರೆ ಅದೊಂದು ಬ್ಯಾಟರಿಯೇ ಆಗುತ್ತದೆ, ಅದರಲ್ಲಿ ಅಲ್ಯುಮಿನಿಯಂ ತಾನೇ ಮೊದಲು ಸವೆಯುತ್ತದೆ. ಸವೆದದ್ದು ಬಿಳಿಪುಡಿಯಾಗಿ ಉಬ್ಬಿ ರಿವೆಟ್‌ಗಳನ್ನು ಸಡಿಲಿಸುತ್ತದೆ, ಪ್ಲೇಟಿನ ಅಡಿಯಲ್ಲಿ ನಿಂತ ನೀರು ಕೆಳಗಿನ ಉಕ್ಕಿನ ಪಟ್ಟಿಗಳನ್ನು ಕಾಣದಂತೆ ತಿನ್ನುತ್ತದೆ. ಜೀಪಿಗೆ ಪ್ರತ್ಯೇಕ ಚಾಸಿ ಇರುವುದು ನಿಮ್ಮ ಭಾಗ್ಯ. ಮೈಯನ್ನು ಬೋಲ್ಟ್ ಬಿಚ್ಚಿ ನಾಲ್ಕು ಜನ ಎತ್ತಿ ಕೆಳಗಿಡಬಹುದು, ನೆಲದ ತಗಡು ಬಹುಮಟ್ಟಿಗೆ ಸಪಾಟಾದದ್ದರಿಂದ 18 ಗೇಜಿನ, ಅಂದರೆ ಸುಮಾರು 1.2 ಮಿ.ಮೀ. ತಗಡನ್ನು ನಿಮ್ಮ ಊರಿನ ಟ್ರೇಲರ್ ಕಟ್ಟುವವರೇ ಬಾಗಿಸಿ ಕೊಡಬಲ್ಲರು. ತಗಡಿನ ಅಡಿಯಲ್ಲಿ ಅಡ್ಡಲಾಗಿ ಇರುವ ಪಟ್ಟಿಗಳೇ ಮೈಯನ್ನು ಚಾಸಿಗೆ ಹಿಡಿದಿಡುವುದರಿಂದ ಮೊದಲು ಅವುಗಳನ್ನು ಪರೀಕ್ಷಿಸಿ, ಸೋತವನ್ನು ಬದಲಿಸಿ, ಆಮೇಲೆ ಮೇಲಿನ ತಗಡು ಹಾಕಿಸಿ. ಮೈ ಮತ್ತು ಚಾಸಿಯ ನಡುವಿನ ರಬ್ಬರ್ ಬಿಲ್ಲೆಗಳು ಹೊಸವಾಗಿರಲಿ. ಚಾಸಿಗೆ ಶಾಟ್ ಬ್ಲಾಸ್ಟಿಂಗ್ ಮಾಡಿಸಲು ಅಡ್ಡಿಯಿಲ್ಲ. ಬೇಸಿಗೆಯಲ್ಲಿ ಬಣ್ಣ ಹೊಡೆಸುವುದಾದರೆ ಬೆಳಗಿನ ತಂಪಿನಲ್ಲಿ ಮುಗಿಸಿ. ವಿಜಯಪುರದ ಮಧ್ಯಾಹ್ನದ ಬಿಸಿಯಲ್ಲಿ ಥಿನ್ನರ್ ಹಾರಿಹೋಗಿ ಬಣ್ಣ ತಗಡಿಗೆ ಹತ್ತುವ ಮೊದಲೇ ಒಣಗುತ್ತದೆ.

ಪ್ರಶ್ನೆ (ಜಮಖಂಡಿ, ಬಾಗಲಕೋಟೆ ಜಿಲ್ಲೆ): ನನ್ನ ಕಾರಿಗೆ 50 ವರ್ಷ ದಾಟಿದೆ. ವಿಂಟೇಜ್ ನೋಂದಣಿ ಮಾಡಿಸಬೇಕೆಂದಿದ್ದೇನೆ. ಕತ್ತರಿಸಿ ಬೆಸೆದ ತಗಡಿದ್ದರೆ ತಿರಸ್ಕರಿಸುತ್ತಾರೆಯೇ?

ಉತ್ತರ: ಕೇಂದ್ರ ಸರಕಾರ 2021ರ ಜುಲೈನಲ್ಲಿ ತಂದ ನಿಯಮಗಳ ಪ್ರಕಾರ, ಮೊದಲ ನೋಂದಣಿಯಿಂದ 50 ವರ್ಷ ದಾಟಿದ, ಚಾಸಿ, ಮೈಕಟ್ಟು ಅಥವಾ ಇಂಜಿನ್ನಿನಲ್ಲಿ ಮಾರ್ಪಾಡು ಮಾಡದೆ ಮೂಲರೂಪದಲ್ಲಿ ಉಳಿಸಿಕೊಂಡ ದ್ವಿಚಕ್ರ ಮತ್ತು ನಾಲ್ಕು ಚಕ್ರದ ವಾಹನಗಳು ವಿಂಟೇಜ್ ಎನಿಸುತ್ತವೆ. ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ, ಅವಧಿ 10 ವರ್ಷ, ಮರುನೋಂದಣಿಗೆ 5,000 ರೂಪಾಯಿ. ನಂಬರ್ ಪ್ಲೇಟಿನಲ್ಲಿ ರಾಜ್ಯದ ಅಕ್ಷರಗಳ ನಂತರ ವಿಎ ಎಂಬ ಅಕ್ಷರಗಳು ಬರುತ್ತವೆ. ಜಂಗು ತಿಂದ ಭಾಗವನ್ನು ಅದೇ ಆಕಾರದ ಉಕ್ಕಿನ ತಗಡಿನಿಂದ ತುಂಬುವುದು ದುರಸ್ತಿಯೇ ಹೊರತು ಮಾರ್ಪಾಡಲ್ಲ ಎಂಬುದು ನನ್ನ ಅಭಿಪ್ರಾಯ. ಆದರೂ ಕೆಲಸದ ಮೊದಲು, ನಡುವೆ ಮತ್ತು ನಂತರ ಫೋಟೋ ತೆಗೆದಿಟ್ಟು, ಕತ್ತರಿಸಿದ ತುಂಡುಗಳನ್ನೂ ಕಾದಿರಿಸಿ. ಬಣ್ಣವನ್ನು ನೋಂದಣಿ ಪುಸ್ತಕದಲ್ಲಿದ್ದದ್ದೇ ಇಡಿ. ವಿಂಟೇಜ್ ನೋಂದಣಿಯಾದ ಕಾರನ್ನು ಪ್ರದರ್ಶನ, ರ‍್ಯಾಲಿ, ಇಂಧನ ಮತ್ತು ನಿರ್ವಹಣೆಯಂಥ ಕಾರಣಗಳಿಗಷ್ಟೇ ರಸ್ತೆಗಿಳಿಸಬಹುದು ಎಂಬುದು ನೆನಪಿರಲಿ. ದಿನಾಲು ಬನಹಟ್ಟಿಗೆ ಹೋಗಿ ಬರಬೇಕೆಂಬವರಿಗೆ ಅದು ಹೊಂದುವುದಿಲ್ಲ.

ಪ್ರಶ್ನೆ (ಖಾನಾಪುರ, ಬೆಳಗಾವಿ ಜಿಲ್ಲೆ): ಕಳೆದ ಬೇಸಿಗೆಯಲ್ಲಿ ಎಲ್ಲ ಜಂಗು ತೆಗೆಸಿ ಬಣ್ಣ ಹೊಡೆಸಿದ್ದೇನೆ. ನಮ್ಮ ಕಡೆಯ ಮಳೆ ತಮಗೆ ಗೊತ್ತೇ ಇದೆ. ಅಡಿಗೆ ಸುಟ್ಟ ಇಂಜಿನ್ ಆಯಿಲ್ ಹೊಡೆಸಿ, ಪ್ಲಾಸ್ಟಿಕ್ ಹೊದಿಕೆ ಮುಚ್ಚಿದರೆ ಸಾಕೇ?

ಉತ್ತರ: ಮಲಪ್ರಭೆ ಹುಟ್ಟುವ ಕಣಕುಂಬಿಯ ಮಳೆ ಕಂಡ ತಾಲೂಕಿನಲ್ಲಿ ಪ್ಲಾಸ್ಟಿಕ್ ಹೊದಿಕೆ ಹಾಕುವುದೆಂದರೆ ಕಾರನ್ನು ಹಬೆಯಲ್ಲಿ ಬೇಯಿಸಿದಂತೆ. ನೆಲದಿಂದ ಏಳುವ ತೇವ ಒಳಗೇ ಸಿಕ್ಕಿಬಿದ್ದು ರಾತ್ರಿಯೆಲ್ಲ ಹನಿಯುತ್ತದೆ. ಮೇಲೆ ಗಟ್ಟಿ ಚಾವಣಿ, ಸುತ್ತ ಗಾಳಿ, ಕಾರಿನ ಅಡಿಯ ನೆಲಕ್ಕೆ ದಪ್ಪ ಪ್ಲಾಸ್ಟಿಕ್ ಹಾಳೆ, ಮೈಮೇಲೆ ಧೂಳಿಗಾಗಿ ಹತ್ತಿಯ ಬಟ್ಟೆ, ಇಷ್ಟು ಸಾಕು. ಸುಟ್ಟ ಆಯಿಲ್ಲಿನಲ್ಲಿ ಇಂಜಿನ್ನಿನ ಆಮ್ಲಗಳೂ ಮಸಿಯೂ ಇರುತ್ತವೆ, ಅದು ರಬ್ಬರ್ ಬುಷ್‌ಗಳನ್ನು ಉಬ್ಬಿಸಿ ಕೆಡಿಸುತ್ತದೆ, ಮಳೆಗೆ ತೊಳೆದು ನಿಮ್ಮ ಅಂಗಳದ ಮಣ್ಣಿಗೆ ಸೇರುತ್ತದೆ. ಅದರ ಬದಲು ಸಿಲ್ ಮತ್ತು ಬಾಗಿಲ ಹೊಟ್ಟೆಯೊಳಗೆ ಉದ್ದನೆಯ ನಳಿಗೆಯಿಂದ ಸಿಂಪಡಿಸುವ ಮೇಣದ ಲೇಪವನ್ನು ಏಪ್ರಿಲ್ ಅಥವಾ ಮೇ ತಿಂಗಳಲ್ಲಿ, ತಗಡು ಬೆಚ್ಚಗಿದ್ದಾಗ ಹೊಡೆಸಿ. ಬಿಸಿಗೆ ತೆಳುವಾಗಿ ಹರಿಯುವ ಮೇಣ ಮಡಿಕೆಗಳೊಳಗೆಲ್ಲ ಹೊಗುತ್ತದೆ. ಲೇಪ ಹೊಡೆದ ಮೇಲೆ ನೀರುಕಿಂಡಿಗಳನ್ನು ಒಂದು ತಂತಿಯಿಂದ ಮತ್ತೆ ತೆರೆಯಲು ಮರೆಯಬೇಡಿ. ಮಳೆಗಾಲದ ನಡುವೆ ಹೊಳವಾದ ದಿನ ಕಾರನ್ನು ಹೊರಗೆ ತಂದು, ನಾಲ್ಕೂ ಬಾಗಿಲು ಮತ್ತು ಡಿಕ್ಕಿ ತೆರೆದು, ಕಾಲಡಿಯ ಮ್ಯಾಟುಗಳನ್ನು ಎತ್ತಿ ಒಣಗಿಸಿ. ಮ್ಯಾಟಿನ ಅಡಿಯ ಹಾಸು ಕೈಗೆ ತಣ್ಣಗೆ ತಾಗಿದರೆ ಮುಂದಿನ ಗಾಜಿನ ರಬ್ಬರಿನ ಕೆಳಮೂಲೆಗಳನ್ನು ಮೊದಲು ನೋಡಿ.